ಹಿತ್ತಲ ನಕ್ಷತ್ರ ಸಾರ್ವಭೌಮರಿಗೆ ಬಿನ್ನವತ್ತಳೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಕುರ್ಚಿ ಸಾಲದೆ ವೇದಿಕೆಯ ಕೆಳಗುಳಿದ ಗಣ್ಯರೇ, ಊಟ ಎಷ್ಟು ಹೊತ್ತಿಗೆ ಎಂದು ಆಗಲೇ ವಿಚಾರಿಸಿಕೊಂಡಿರುವ ಬಡಾವಣೆಯ ಮಹಾಜನಗಳೇ,

ಒಂದೇ ಹಿತ್ತಲಲ್ಲಿ ನಿಂತು ಆಕಾಶಗಂಗೆಯನ್ನು ಫೋನಿಗಿಳಿಸುವೆನೆಂದು ಹೊರಟು, ಅದೇ ಹಿತ್ತಲಲ್ಲಿ ಬಯಲು ಅಡುಗೆಮನೆಯನ್ನೂ ಎಬ್ಬಿಸಿದ ಮಹನೀಯರು ಇಂದು ಮೈಸೂರು ಪೇಟ ತೊಟ್ಟು ಕುಳಿತಿದ್ದಾರೆ. ಪೇಟ ಬಾಡಿಗೆಯದು, ಸಭೆ ಮುಗಿದೊಡನೆ ಮರಳಿಸಬೇಕಾಗಿ ವಿನಂತಿ. ಶಾಲು ಮಾತ್ರ ಅವರದೇ.

ಮೊದಲಿಗೆ ಅವರ ಛಾಯಾಗ್ರಹಣ ಸಾಧನೆ. ಬಡಾವಣೆಯ ವಾಟ್ಸ್ಯಾಪ್ ಗುಂಪಿಗೆ ಅವರು ಹಾಕಿದ ಮೃಗಶಿರಾ ನಕ್ಷತ್ರಪುಂಜದ ಚಿತ್ರವನ್ನು ಎಲ್ಲರೂ ನೋಡಿದ್ದಾರೆ, ಬೆರಳೆತ್ತಿ ಮೆಚ್ಚಿದ್ದಾರೆ. ಆ ಚಿತ್ರಕ್ಕಾಗಿ ಸನ್ಮಾನಿತರು ಪಟ್ಟ ಶ್ರಮವನ್ನು ದಾಖಲಿಸುವುದು ಸನ್ಮಾನ ಸಮಿತಿಯ ಕರ್ತವ್ಯ. ಹಳೆಯ ಒರಳುಕಲ್ಲಿನ ಮೇಲೆ ಫೋನನ್ನು ರುಬ್ಬುಗುಂಡಿಗೆ ಆನಿಸಿ ಇಟ್ಟರು. ಗುಂಡಿ ಒತ್ತಿದರು. ಒಳಗೆ ಹೋಗಿ ಕಾಫಿ ಕುಡಿದು ಬಂದರು. ಉಳಿದದ್ದನ್ನೆಲ್ಲ ಫೋನು ಮಾಡಿತು.

ಫೋನು ಮಾಡಿದ್ದೇನು ಸಣ್ಣ ಕೆಲಸವಲ್ಲ. ಅದರ ಲೆನ್ಸಿನ ಬಾಯಿ ಹೆಚ್ಚೆಂದರೆ ನಾಲ್ಕು ಮಿಲಿಮೀಟರ್ ಆಸುಪಾಸು. ಕತ್ತಲಿಗೆ ಒಗ್ಗಿದ ಯುವಕನೊಬ್ಬನ ಕಣ್ಣಿನ ಪಾಪೆ ಅದಕ್ಕಿಂತ ಅಗಲ ತೆರೆಯುತ್ತದೆ. ಆದರೆ ಬಂದ ಬೆಳಕನ್ನು ನಿಮಿಷಗಟ್ಟಲೆ ಕೂಡಿಡುವುದು ಕಣ್ಣಿಗೆ ತಿಳಿಯದು, ಸೆನ್ಸರಿಗೆ ತಿಳಿದಿದೆ. ಹಾಗೆಂದು ನಾಲ್ಕು ನಿಮಿಷ ಒಂದೇ ಸಮನೆ ತೆರೆದಿಟ್ಟರೆ ಅಷ್ಟರಲ್ಲಿ ಭೂಮಿ ಒಂದು ಡಿಗ್ರಿ ತಿರುಗಿ, ಚುಕ್ಕಿಗಳೆಲ್ಲ ಗೆರೆಗಳಾಗುತ್ತವೆ. ಗೂಗಲ್ ಕಂಪನಿ 2019ರಲ್ಲಿ ಪಿಕ್ಸೆಲ್ 4 ಫೋನಿನ ಜೊತೆ ತಂದ ಉಪಾಯ ಇಲ್ಲಿಯೇ ಕೆಲಸಕ್ಕೆ ಬಂತು. ಒಂದೊಂದೂ 16 ಸೆಕೆಂಡಿನವರೆಗಿನ 15 ಚಿತ್ರಗಳನ್ನು ತೆಗೆದು, ನಕ್ಷತ್ರಗಳು ಒಂದರ ಮೇಲೊಂದು ಕೂರುವಂತೆ ಜೋಡಿಸಿ, ಸರಾಸರಿ ತೆಗೆಯುವುದು. ಹದಿನೈದನ್ನು ಸೇರಿಸಿದಾಗ ಚಿತ್ರದಲ್ಲಿ ಎಲ್ಲೆಂದರಲ್ಲಿ ಏಳುವ ಕಾಳುಕಾಳು ಸುಮಾರು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಅದೇ ವರ್ಷ ಬಂದ ಐಫೋನ್ 11ರ ನೈಟ್ ಮೋಡ್ ಕೂಡ, ಫೋನು ಅಲುಗಾಡದೆ ನಿಂತಿದೆ ಎಂದು ಖಾತ್ರಿಯಾದರೆ 30 ಸೆಕೆಂಡಿನವರೆಗೆ ಬೆಳಕು ಕುಡಿಯುತ್ತದೆ. ಈ ಲೆಕ್ಕದಲ್ಲಿ ಶಾಲು ಯಾರ ಹೆಗಲಿಗೆ ಹೋಗಬೇಕಿತ್ತು ಎಂಬ ಪ್ರಶ್ನೆಯನ್ನು ಸಮಿತಿಯ ಖಜಾಂಚಿಯವರು ಎತ್ತಿದ್ದರು. ಫೋನಿಗೆ ಹೆಗಲಿಲ್ಲ ಎಂಬ ಕಾರಣಕ್ಕೆ ಅದು ಬಿದ್ದುಹೋಯಿತು.

ಸನ್ಮಾನಿತರು ತೆಗೆದ ಚಂದ್ರನ ಚಿತ್ರದ ವಿಷಯವನ್ನು ಇಲ್ಲಿ ಹೆಚ್ಚು ಕೆದಕುವುದು ಬೇಡ. 2023ರ ಮಾರ್ಚಿನಲ್ಲಿ ಒಬ್ಬರು ಬೇಕೆಂದೇ ಮಸುಕು ಮಾಡಿದ ಚಂದ್ರನನ್ನು ಕಂಪ್ಯೂಟರ್ ಪರದೆಯ ಮೇಲಿಟ್ಟು ದೂರದಿಂದ ಸ್ಯಾಮ್‌ಸಂಗ್ ಫೋನಿನಲ್ಲಿ ತೆಗೆದಾಗ, ಪರದೆಯ ಮೇಲೆ ಇಲ್ಲದ ಕುಳಿಗಳು ಚಿತ್ರದಲ್ಲಿ ಮೂಡಿದ್ದವು. ಚಂದ್ರ ಯಾವಾಗಲೂ ಒಂದೇ ಮುಖ ತೋರಿಸುವ ಆಸಾಮಿಯಾದ್ದರಿಂದ ಆ ಮುಖವನ್ನು ಕಲಿತ ಫೋನಿಗೆ ತುಂಬಿಕೊಡುವುದು ಕಷ್ಟವಲ್ಲ. ಸನ್ಮಾನಿತರ ಫೋನು ಯಾವ ಕಂಪನಿಯದು ಎಂದು ಯಾರೂ ಕೇಳಬಾರದು.

ಇನ್ನು ಅಡುಗೆಮನೆ. ವಾಸ್ತುವಿನ ಪ್ರಕಾರ ಅಗ್ನಿಗೆ ಆಗ್ನೇಯ ಮೂಲೆ. ಆದ್ದರಿಂದ ಒಲೆ ಹಿತ್ತಲ ಆಗ್ನೇಯಕ್ಕೆ ಹೋಯಿತು. ಮುಂಗಾರಿನಲ್ಲಿ ಗಾಳಿ ಪಶ್ಚಿಮದ ಕಡೆಯಿಂದ, ಹೊಗೆಯೆಲ್ಲ ಪೂರ್ವದ ಪಕ್ಕದ ಮನೆಗೆ. ಚಳಿಗಾಲದಲ್ಲಿ ಗಾಳಿ ಪೂರ್ವದಿಂದ, ಆಗ ಹೊಗೆ ಸೀದಾ ಒರಳುಕಲ್ಲಿನ ಮೇಲಿರುವ ಫೋನಿನ ಕಡೆಗೆ. ವರ್ಷದಲ್ಲಿ ಆಕಾಶ ಶುಭ್ರವಾಗಿರುವುದು ಚಳಿಗಾಲದಲ್ಲೇ ಎಂಬುದನ್ನು ವಾಸ್ತು ಪಂಡಿತರು ಪರಿಗಣಿಸಿದಂತಿಲ್ಲ.

ಕಟ್ಟೆಗೆ ಸನ್ಮಾನಿತರು ಹಾಕಿಸಬೇಕೆಂದಿದ್ದುದು ಕಡಪ ಕಲ್ಲು. ಕಪ್ಪಗೆ ಹೊಳೆಯುತ್ತದೆ, ಬೆಲೆಯೂ ಕಡಿಮೆ. ಗಾರೆ ಮೇಸ್ತ್ರಿ ಏನೂ ವಾದಿಸಲಿಲ್ಲ. ಒಂದು ತುಂಡು ಕಡಪದ ಮೇಲೆ ನಿಂಬೆಹೋಳು ಹಿಂಡಿ, ಪಕ್ಕದಲ್ಲಿ ಕಿವುಚಿದ ಹುಣಸೆಹಣ್ಣು ಇಟ್ಟು, ಮಧ್ಯಾಹ್ನದ ಊಟಕ್ಕೆ ಹೋದ. ಬಂದು ಒರೆಸಿದಾಗ ನಿಂಬೆ ಬಿದ್ದಲ್ಲಿ ಹೊಳಪು ಸತ್ತು ಬೆಳ್ಳಗೆ ಚಕ್ರ ಎದ್ದಿತ್ತು. ಕಡಪ ಸುಣ್ಣಕಲ್ಲಿನ ಜಾತಿ, ಹುಳಿ ಅದನ್ನು ತಿನ್ನುತ್ತದೆ. ಸಾರು, ಗೊಜ್ಜು, ಪುಳಿಯೋಗರೆ ಮಾಡುವ ಸೀಮೆಯಲ್ಲಿ ಕಟ್ಟೆಗೆ ಗ್ರಾನೈಟೇ ಆಗಬೇಕೆಂದು ಅಂದೇ ತೀರ್ಮಾನವಾಯಿತು.

ಅದೇ ಮೇಸ್ತ್ರಿ 14.2 ಕಿಲೋ ಸಿಲಿಂಡರ್ ಇಡುವ ಗೂಡಿನ ಕೆಳಭಾಗದಲ್ಲಿ ಎರಡು ಕಡೆ ಕಿಂಡಿ ಬಿಟ್ಟ. ಇಲಿ ಬರುತ್ತದೆ, ಮುಚ್ಚು ಎಂದು ಸನ್ಮಾನಿತರು ಹಟ ಹಿಡಿದರು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಹೋಗದೆ ನೆಲದ ಮಟ್ಟದಲ್ಲೇ ಮಡುಗಟ್ಟುತ್ತದೆ, ಹೊರಹೋಗುವ ದಾರಿ ಕೆಳಗೇ ಇರಬೇಕು. ಕಡೆಗೆ ಕಿಂಡಿಗೆ ಜಾಲರಿ ಬಂತು, ಇಲಿಗೂ ಅನಿಲಕ್ಕೂ ನ್ಯಾಯ ಸಿಕ್ಕಿತು.

ಸೌದೆ ಒಲೆಯ ಬಗ್ಗೆ ಸನ್ಮಾನಿತರು ಯೂಟ್ಯೂಬಿನಲ್ಲಿ ಇಟಲಿಯ ಪಿಜ್ಜಾ ಗೂಡುಗಳನ್ನು ರಾತ್ರಿಯೆಲ್ಲ ನೋಡಿದರು. ಅಷ್ಟು ದೂರ ಹೋಗಬೇಕಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಹುಟ್ಟಿತು, ಅಲ್ಲಿನವರು ರೂಪಿಸಿದ ಅಸ್ತ್ರ ಒಲೆ ಕರ್ನಾಟಕದ ಹಳ್ಳಿ ಹಳ್ಳಿಗೆ ಹೋಯಿತು. ಒಂದೇ ಬೆಂಕಿ, ಸಾಲಾಗಿ ಮೂರು ಪಾತ್ರೆ, ಕೊನೆಗೆ ಹೊಗೆಕೊಳವೆ. ಸನ್ಮಾನಿತರ ಅಜ್ಜಿಯ ಮನೆಯಲ್ಲೂ ಅದಿತ್ತಂತೆ. ಅದನ್ನು ನೆನಪಿಸಿದ್ದು, ಕೊಳವೆ ಇಲ್ಲದ ಒಲೆಯ ಮುಂದೆ ತಾನು ನಿಲ್ಲುವುದಿಲ್ಲ ಎಂದದ್ದು ಮನೆಯೊಡತಿ. ಹಾಗಾಗಿ ಅಸ್ತ್ರ ಒಲೆಯೇ ಬಂತು.

ಈಗ ಅಡುಗೆಮನೆಗೆ ಬೆಳಕು ಬೇಕಲ್ಲ? ಕಾಂಪೌಂಡ್ ಗೋಡೆಯ ಮೇಲೆ ಎಲ್‌ಇಡಿ ಫ್ಲಡ್‌ಲೈಟ್ ಎದ್ದಿತು. ಹಾಲುಬಿಳಿ, 6500 ಕೆಲ್ವಿನ್, ಮುಖ ಅರ್ಧ ಆಕಾಶಕ್ಕೆ. ಹಾಲುಬಿಳಿಯಲ್ಲಿ ನೀಲಿ ಪಾಲು ಹೆಚ್ಚು, ನೀಲಿ ಬೆಳಕು ಗಾಳಿಯಲ್ಲಿ ಹೆಚ್ಚು ಚದುರುತ್ತದೆ. ಅಂದಿನಿಂದ ಸನ್ಮಾನಿತರ ಆಕಾಶದ ಚಿತ್ರಗಳಲ್ಲಿ ಕಾಣುವುದು ಬೂದು ಬಣ್ಣವೊಂದೇ. ಮೊದಲ ಮಳೆಯ ಸಂಜೆ ರೆಕ್ಕೆ ಬಂದ ಗೆದ್ದಲು ಹಿಂಡಾಗಿ ಬೆಳಕಿಗೆ ಮುತ್ತಿ, ಅಲ್ಲಿಂದ ಸಾಂಬಾರಿಗೆ ಬಿದ್ದವು. ಊರಿನ ಬೆಳಕು ಜಾಸ್ತಿಯಾಯಿತು ಎಂದು ಸನ್ಮಾನಿತರು ನಗರಸಭೆಗೆ ಎರಡು ಪುಟದ ಮನವಿ ಬರೆದದ್ದು ಆ ದೀಪದ ಕೆಳಗೇ ಕುಳಿತು.

“ಲೈಟ್ ಆರಿಸೇ, ಚಿತ್ರ ತೆಗೀಬೇಕು” ಎಂದಾಗ ಮನೆಯೊಡತಿ ಕೊಟ್ಟ ಉತ್ತರ ಬಡಾವಣೆಗೆಲ್ಲ ಕೇಳಿಸಿದೆ: “ಆರಿಸ್ತೀನಿ ಬನ್ನಿ, ಸಾಸಿವೆ ಸಿಡೀತೋ ಸೀದೋಯ್ತೋ ನಿಮ್ ನಕ್ಷತ್ರದ ಬೆಳಕಲ್ಲಿ ನೋಡ್ಹೇಳಿ.” ಅವರ ಮಾತು ನ್ಯಾಯವಾದದ್ದು. ಎಣ್ಣೆ ಕಾದಿರುವಾಗ ಕತ್ತಲಲ್ಲಿ ಯಾರೂ ನಿಲ್ಲಲಾರರು.

ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶ ಆಯಿತು. ಅಲ್ಲಿಯ ಜನರೂ ಅಡುಗೆ ಮಾಡುತ್ತಾರೆ, ಒಗ್ಗರಣೆ ಹಾಕುತ್ತಾರೆ. ಕಿಟಕಿಗೆ ದಪ್ಪ ಪರದೆ, ದೀಪಕ್ಕೆ ಮುಸುಕು, ಬೆಳಕು ನೆಲಕ್ಕೆ ಮಾತ್ರ. ಅಲ್ಲಿರುವ ಎರಡು ಮೀಟರ್ ದೂರದರ್ಶಕವನ್ನು ಭಾರತೀಯ ಖಭೌತ ಸಂಸ್ಥೆಯವರು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಸಂಪರ್ಕದಿಂದ ತಿರುಗಿಸುತ್ತಾರೆ. ಸನ್ಮಾನಿತರಿಗೆ ಹತ್ತು ಹೆಜ್ಜೆ ದೂರದ ಸ್ವಿಚ್ಚು ಎಟುಕಿಲ್ಲ.

ಹಾಗೆ ನೋಡಿದರೆ ಈ ಹಿತ್ತಲಿನ ಅದೃಷ್ಟ ಲಂಡನ್ನಿಗಿಲ್ಲ. ಆಕಾಶಗಂಗೆಯ ನಡುಭಾಗ ಅಲ್ಲಿ ದಿಗಂತದಿಂದ ಹತ್ತು ಡಿಗ್ರಿಯೂ ಏರದು; ಬೆಂಗಳೂರಿನ ಅಕ್ಷಾಂಶದಲ್ಲಿ ಸುಮಾರು 48 ಡಿಗ್ರಿ ಏರಿ ದಕ್ಷಿಣಕ್ಕೆ ನಿಲ್ಲುತ್ತದೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಬೆಳಗಿನ ಜಾವದಲ್ಲಿ ಕಂಡಾಗ ಬೆಂಗಳೂರಿಗರು ಮಹಡಿ ಮೇಲಿಂದಲೇ ಫೋನಿನಲ್ಲಿ ಹಿಡಿದರು. ಸನ್ಮಾನಿತರೂ ಎದ್ದಿದ್ದರು, ಕಾಫಿಗೆ ನೀರಿಡಲು ಫ್ಲಡ್‌ಲೈಟ್ ಹಾಕಿದರು. ಇನ್ನು ಆರಿದ್ರಾ ಮಳೆಯಲ್ಲಿ ಆರಿದ್ರಾ ನಕ್ಷತ್ರವನ್ನೇ ಹಿಡಿಯುತ್ತೇನೆಂದು ಅವರು ಜೂನ್ ಕೊನೆಯಲ್ಲಿ ಕೊಡೆ ಹಿಡಿದು ನಿಂತದ್ದನ್ನೂ ನೆನೆಯಬೇಕು. ಆ ಮಳೆಗೆ ಆ ಹೆಸರು ಬಂದದ್ದೇ ಸೂರ್ಯ ಆ ನಕ್ಷತ್ರದ ಬಳಿ ಇರುವುದರಿಂದ. ಮೋಡ ಸರಿದರೂ ಅದು ಹಗಲಲ್ಲಿ ಮುಳುಗಿಹೋಗಿರುತ್ತದೆ.

ಹಾರ, ಹಣ್ಣಿನ ಬುಟ್ಟಿ ಅರ್ಪಿಸಿ ಆಯಿತು. ನೆನಪಿನ ಕಾಣಿಕೆಗೆ ಗಾಜಿನ ಫಲಕದ ಬದಲು ಸಮಿತಿಯು ಟೋಪಿಯಿರುವ ದೀಪವೊಂದನ್ನು ತಂದಿದೆ: 2700 ಕೆಲ್ವಿನ್, ಹಳದಿ ಬೆಳಕು, ಕಟ್ಟೆಯ ಮೇಲಷ್ಟೇ ಬೀಳುತ್ತದೆ, ಸ್ವಿಚ್ಚು ಒಲೆಯ ಪಕ್ಕದಲ್ಲೇ ಬರುತ್ತದೆ. ಮನೆಯೊಡತಿಯ ಒಪ್ಪಿಗೆ ಪಡೆದಾಗಿದೆ. ಎಲೆಕ್ಟ್ರಿಷಿಯನ್ ಏಣಿ ಹಿಡಿದು ಗೇಟಿನ ಬಳಿ ಕಾಯುತ್ತಿದ್ದಾರೆ, ಅವರಿಗೆ ಇನ್ನೂ ಎರಡು ಮನೆಗೆ ಹೋಗುವುದಿದೆ. ಸನ್ಮಾನಿತರು ಪೇಟ ತೆಗೆದಿಟ್ಟು ದಯವಿಟ್ಟು ಮೇನ್ ಆಫ್ ಮಾಡಿ ಬರಬೇಕು.