ಅಪ್ಪೆಹುಳಿ ಮೀಮಾಂಸೆ: ಒಂದು ಅಮಲುರಹಿತ ಅಧ್ಯಯನ

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಅಡಿಕೆ ತೋಟದ ಮನೆಗಳಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಚರಿತ್ರಾರ್ಹ ಘಟನೆ ಯಾವುದೂ ನಡೆದಂತಿಲ್ಲ. ಇತಿಹಾಸಕಾರರು ಇದನ್ನು ಈವರೆಗೆ ಗಮನಿಸಿಲ್ಲ. ಗಮನಿಸಲು ಬಂದವರೂ ಅಲ್ಲೇ ಊಟ ಮಾಡಿರಬೇಕು. ಈ ಶೂನ್ಯಕ್ಕೆ ಕಾರಣವೆಂದು ಗುಮಾನಿಯಿರುವ ಪೇಯವನ್ನು ಶಾಸ್ತ್ರೋಕ್ತವಾಗಿ ಪರೀಕ್ಷಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಪೂರ್ವಪಕ್ಷ. ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಶನಿವಾರ ಕಳೆದು, ರಜೆಗೆ ಊರಿಗೆ ಬರುವ ತರುಣರ ವಾದ ಹೀಗಿದೆ: ತೆಳ್ಳಗೆ, ಹುಳ್ಳಗೆ, ಗುಟುಕು ಗುಟುಕಾಗಿ ಚಪ್ಪರಿಸಬೇಕಾದ ಪೇಯ ಲೋಕದಲ್ಲಿ ಒಂದೇ, ಗೋಧಿಯ ಹುಳಿ ಬಿಯರು. ಅದರ ಕುಲಗುರು ಬರ್ಲಿನರ್ ವೈಸ್. ಗೋಧಿ, ಬಾರ್ಲಿಗಳ ಮೊಳಕೆಕಾಳಿನ ರಸಕ್ಕೆ ಲ್ಯಾಕ್ಟೋಬ್ಯಾಸಿಲಸ್, ಅಂದರೆ ನಮ್ಮ ಮೊಸರು ಗಡಿಗೆಯ ಬಳಗವೇ, ಹುಳಿ ತುಂಬುತ್ತದೆ. ಆಲ್ಕೋಹಾಲು ಶೇಕಡಾ 3ರ ಆಸುಪಾಸು. 1809ರಲ್ಲಿ ನೆಪೋಲಿಯನ್ನನ ಸೈನಿಕರು ಇದನ್ನು ಕುಡಿದು ಉತ್ತರದ ಷಾಂಪೇನ್ ಎಂದು ಹೊಗಳಿದರೆಂಬ ಕಥೆಯೂ ಇದೆ. ಮೂರೇ ವರ್ಷಕ್ಕೆ ಆ ಸೈನ್ಯ ರಷ್ಯಾದಲ್ಲಿ ನೆಲಕಚ್ಚಿತು. ಎರಡಕ್ಕೂ ಸಂಬಂಧವಿದೆಯೆಂದು ನಾವು ಹೇಳುತ್ತಿಲ್ಲ.

ಇಷ್ಟನ್ನೂ ಒಬ್ಬ ತರುಣ ಅಡುಗೆಮನೆಯ ಬಾಗಿಲಿಗೆ ಒರಗಿ ಮಂಡಿಸಿದಾಗ ಅವನ ಅತ್ತೆ ಮಾಡಿದ ಖಂಡನೆ ಒಂದೇ ಸಾಲಿನದು: “ಹುಳಿ ಬಂದದ್ದು ನಂಗ ದನಕ್ಕೆ ಹಾಕ್ತ್ಯ ತಮಾ.” ಇದಕ್ಕಿಂತ ಸಮರ್ಥವಾದ ಖಂಡನೆ ನಮಗೂ ತೋಚದ್ದರಿಂದ ಸಿದ್ಧಾಂತಕ್ಕೆ ಹೋಗೋಣ.

ಲಕ್ಷಣ. ಅಪ್ಪೆಮಿಡಿಯನ್ನು ಬೇಯಿಸಿ, ಕಿವುಚಿ, ಧಾರಾಳ ನೀರು, ಉಪ್ಪು, ಹಸಿಮೆಣಸು ಸೇರಿಸಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟದ್ದು ಅಪ್ಪೆಹುಳಿ. ಮಿಡಿಯ ಕಾಲ ಮುಗಿದರೆ ಉಪ್ಪುನೀರಿನಲ್ಲಿಟ್ಟ ಮಿಡಿಯಾದೀತು. ಅದೂ ಮುಗಿದರೆ ಕಂಚಿ, ನಿಂಬೆ, ಬಿಂಬಲಗಳಿಗೆ ಪ್ರತಿನಿಧಿ ಸ್ಥಾನವುಂಟು. ಬವೇರಿಯಾದಲ್ಲಿ 1516ರಷ್ಟು ಹಿಂದೆಯೇ, ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬಿಯರಿಗೆ ಇನ್ನೇನೂ ಕೂಡದೆಂದು ಕಟ್ಟಳೆ ಮಾಡಿದರು. ಅಪ್ಪೆಹುಳಿಗೆ ಬರೆದಿಟ್ಟ ಕಟ್ಟಳೆಯಿಲ್ಲ. ಬೇಳೆ ಹಾಕಿ ನೋಡಿದವರಿಗೆ ಅದು ಇದೆಯೆಂದು ಗೊತ್ತಾಗುತ್ತದೆ.

ಇನ್ನು ಪರೀಕ್ಷೆ. ಬಿಯರು ಬಲ್ಲವರು ಮೊದಲು ಲೋಟವನ್ನು ಬೆಳಕಿಗೆ ಹಿಡಿಯುತ್ತಾರೆ. ನಮ್ಮದು ಸ್ಟೀಲಿನ ಲೋಟವಾದ್ದರಿಂದ ಮೇಲಿಂದಲೇ ಬಗ್ಗಿ ನೋಡಬೇಕು. ಬಣ್ಣ ಮಬ್ಬು. ನೊರೆ ಇರಬೇಕಾದ ಜಾಗದಲ್ಲಿ ಎಣ್ಣೆಯ ಸಣ್ಣ ಸಣ್ಣ ಕಣ್ಣುಗಳು ತೇಲುತ್ತ, ಒಂದಕ್ಕೊಂದು ಕೂಡಿಕೊಳ್ಳುತ್ತ, ಅಂಚಿಗೆ ಸರಿಯುತ್ತಿರುತ್ತವೆ. ನಡುವೆ ಕರಿಬೇವಿನ ಎಲೆಯೊಂದು. ಸಾಸಿವೆ ಕೆಲವು ತೇಲಿ, ಕೆಲವು ತಳ ಸೇರಿ, ಉಳಿದವು ಮೀಸೆಯವರ ಮೀಸೆಗೆ ಮೀಸಲು. ಬಾಳೆ ಎಲೆಗೆ ಬಡಿಸಿ ಪರೀಕ್ಷಿಸಲು ಹೊರಟರೆ ಅದು ಪಕ್ಕದವರ ಪಾಯಸದ ಕಡೆ ಓಡುತ್ತದೆ, ಅದರಿಂದ ಸ್ನೇಹ ಕೆಡುತ್ತದೆ.

ಗಂಧವಿಚಾರದಲ್ಲಿ ಪಾಶ್ಚಾತ್ಯ ವಿಜ್ಞಾನವೇ ನಮ್ಮ ಸಾಕ್ಷಿ. ಮಿಡಿಯ ಪರಿಮಳವೆಲ್ಲ ತೊಟ್ಟು ಮುರಿದಾಗ ಚಿಮ್ಮುವ ಸೊನೆಯಲ್ಲಿದೆ. ಮಾವಿನ ಸೊನೆಯಲ್ಲಿ ಮಿರ್ಸೀನ್ ಎಂಬ ಪದಾರ್ಥವಿದೆ, ಬಿಯರಿಗೆ ಘಮ ಕೊಡುವ ಹಾಪ್ಸ್ ಹೂವಿನಲ್ಲೂ ಅದೇ ಇದೆ. ಹಾಗೆಂದು ಇವೆರಡನ್ನು ನೆಂಟರೆನ್ನುವಂತಿಲ್ಲ. ಸಸ್ಯಶಾಸ್ತ್ರದಲ್ಲಿ ಹಾಪ್ಸ್‌ನ ದಾಯಾದಿ ಭಂಗಿಗಿಡ, ಮಾವಿನ ದಾಯಾದಿ ಗೇರುಮರ. ಯಾವ ಕುಲದಲ್ಲಿ ಸಂಬಂಧ ಬೆಳೆಸಬೇಕೆಂಬುದನ್ನು ಹೆಣ್ಣು ಹೆತ್ತವರ ವಿವೇಕಕ್ಕೇ ಬಿಡುತ್ತೇವೆ.

ರಸವಿಚಾರ. ಭರತಮುನಿ ನಾಟ್ಯಶಾಸ್ತ್ರದಲ್ಲಿ 33 ವ್ಯಭಿಚಾರಿ ಭಾವಗಳನ್ನು ಎಣಿಸಿದ್ದಾನೆ. ಅವು ರಂಗದ ಮೇಲಿನ ಪಾತ್ರಗಳಿಗೆ ಹೇಳಿದ್ದೆಂದು ವಿದ್ವಾಂಸರು ನಂಬಿದ್ದಾರೆ. ಊಟದ ಪಂಕ್ತಿಯಲ್ಲಿ ಕೂತು ನೋಡದ್ದರ ಫಲ. ಬಡಿಸುವವರು ಇನ್ನೂ ಆಚೆ ತುದಿಯಲ್ಲಿರುವಾಗ ಔತ್ಸುಕ್ಯ. ಪಕ್ಕದವನಿಗೆ ಎರಡನೇ ಲೋಟ ಬಿದ್ದಾಗ ಅಸೂಯೆ. ಮೊದಲ ಗುಟುಕಿಗೆ ಹರ್ಷ. ಮೆಣಸು ನೆತ್ತಿಗೆ ಹತ್ತಿದರೆ ಆವೇಗ, ತೀರ ಹತ್ತಿದರೆ ಅಪಸ್ಮಾರ. ಮೂರನೇ ಸಲ ಬಂದಾಗ ‘ಸಾಕು ಸಾಕು’ ಎನ್ನುತ್ತ ಲೋಟದ ಮೇಲೆ ಕೈ ಅಡ್ಡ ಹಿಡಿದು, ಬೆರಳ ಸಂದಿ ಮಾತ್ರ ಅಗಲ ಬಿಡುವುದು ಅವಹಿತ್ಥ. ಒಳಗಿನ ಆಸೆಯನ್ನು ಮರೆಮಾಚುವ ಈ ಭಾವಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕಾವ್ಯಗಳಲ್ಲೂ ಅಪರೂಪ. ಕೈ ತೊಳೆದ ಮೇಲೆ ಆಲಸ್ಯ, ಕವಳದ ತಟ್ಟೆ ಎದುರಿಗೆ ಜಡತೆ, ಜಗಲಿಯ ಮೇಲೆ ನಿದ್ರೆ, ನಾಲ್ಕು ಗಂಟೆಯ ಚಾದ ಸದ್ದಿಗೆ ವಿಬೋಧ. ಮದವೂ ಮುನಿಯ ಪಟ್ಟಿಯಲ್ಲಿದೆ. ಕಾಳು ಹುಳಿಸದೆ, ಅಬಕಾರಿ ಇಲಾಖೆಗೆ ಕಾಸು ಕಟ್ಟದೆ ಅದನ್ನು ಸಾಧಿಸಿದ್ದು ಈ ಪೇಯದ ವೈಶಿಷ್ಟ್ಯ.

ಸಿಹಿಯ ವಿವಾದವನ್ನು ಮುಟ್ಟದೆ ದಾಟುವಂತಿಲ್ಲ. ಅಪ್ಪೆಹುಳಿಗೆ ಬೆಲ್ಲವೋ ಸಕ್ಕರೆಯೋ ಚೂರು ಬೀಳಬೇಕೆಂಬುದು ಒಂದು ಸಂಪ್ರದಾಯ, ಬಿದ್ದರೆ ಅದು ಪಾನಕವೆಂಬುದು ಇನ್ನೊಂದು. ಶಿರಸಿಯವರು ಯಲ್ಲಾಪುರದವರತ್ತ, ಅವರು ಸಿದ್ದಾಪುರದವರತ್ತ ಬೆರಳು ತೋರಿಸುತ್ತಾರೆ. ಬರ್ಲಿನ್ನಿನವರು ಹುಳಿ ಬಿಯರಿಗೆ ಕೆಂಪು, ಹಸಿರು ಸಿರಪ್ಪುಗಳನ್ನೇ ಸುರಿದುಕೊಳ್ಳುವುದರಿಂದ ಈ ನೈತಿಕ ಪತನ ಅಂತಾರಾಷ್ಟ್ರೀಯವೆಂದು ಸಮಾಧಾನಪಟ್ಟುಕೊಳ್ಳಬಹುದು.

ಕೊನೆಯದಾಗಿ ಒಂದು ಆಕ್ಷೇಪ. ನಿದ್ದೆ ಬರಿಸುವುದು ಅಪ್ಪೆಹುಳಿಯಲ್ಲ, ಅದರ ಜೊತೆ ಇಳಿಯುವ ಅನ್ನದ ರಾಶಿ ಎಂದು ಕೆಲವು ಪಿತ್ತಪ್ರಕೃತಿಯವರು ವಾದಿಸುತ್ತಾರೆ. ಇದನ್ನು ತೀರ್ಮಾನಿಸಲು ಎರಡು ಗುಂಪು ಸಾಕು: ಅನ್ನದ ಜೊತೆ ಅಪ್ಪೆಹುಳಿ ಕುಡಿದವರದೊಂದು, ಅನ್ನ ಮುಟ್ಟದೆ ಬರೀ ಅಪ್ಪೆಹುಳಿ ಕುಡಿದವರದೊಂದು. ಮೊದಲ ಗುಂಪಿಗೆ ಜನ ಸಾಲುಗಟ್ಟಿದರು. ಎರಡನೆಯದಕ್ಕೂ ಕೆಲವರು ಒಪ್ಪಿದ್ದರು. ಆದರೆ ಮನೆಗೆ ಬಂದವರನ್ನು ಅನ್ನ ಬಡಿಸದೆ ಎಬ್ಬಿಸಿ ಕಳಿಸುವ ಗೃಹಿಣಿ ಮೂರೂ ತಾಲೂಕುಗಳಲ್ಲಿ ಸಿಗದೆ, ಎರಡನೇ ಗುಂಪಿನವರೂ ಈಗ ಜಗಲಿಯ ಮೇಲೆ ಮಲಗಿದ್ದಾರೆ.