ಅವರೆಕಾಳಿನ ದರ್ಬಾರು
ಸಂಕ್ರಾಂತಿ ಹತ್ತಿರ ಬಂತೆಂದರೆ ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಉಪ್ಪಿಟ್ಟಿಗೂ ಅವರೆ, ಸಾರಿಗೂ ಅವರೆ, ರೊಟ್ಟಿಗೂ ಅವರೆ. ಕಾಫಿಯೊಂದು ಹೇಗೋ ಬಚಾವು. ಮಾಗಡಿ ಕಾಯಿಯನ್ನು ಮೂಸಿ ನೋಡಿಯೇ ಕೊಳ್ಳಬೇಕು, ಸೊಗಡು ಬೆರಳಿಗೆ ಅಂಟಬೇಕು. ರಾತ್ರಿ ನೆನೆಹಾಕಿದ ಕಾಳನ್ನು ಬೆಳಿಗ್ಗೆ ಹಿತುಕಲು ಕೂತರೆ ಪಕ್ಕದ ಮನೆಯ ಗೆಳತಿಯರು ಕರೆಯದೆಯೇ ಹಾಜರ್. ಹೆಬ್ಬೆರಳು, ತೋರುಬೆರಳ ನಡುವೆ ಒಂದೇ ಒತ್ತು. ಬೇಳೆ ಪುಳಕ್ಕನೆ ಜಿಗಿದು ಭಾವನ ಕಾಫಿ ಲೋಟಕ್ಕೆ! ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಮನೆ ಮಿಕ್ಸಿ ಕೆಟ್ಟಿತು, ಎಲ್ಲವೂ ಸಿಪ್ಪೆ ಸುಲಿದು ಹೊರಬರುತ್ತದೆ. ಕೊನೆಗೆ ಬುಟ್ಟಿ ತುಂಬ ಸಿಪ್ಪೆ, ಬಟ್ಟಲಲ್ಲಿ ಬೊಗಸೆ ಬೇಳೆ. ಈಗ ಹಿತುಕಿದ ಬೇಳೆ ತೂಕಕ್ಕೇ ಸಿಗುತ್ತದೆ ಬಿಡಿ. ಕೊಂಡರೆ ಸಾರಿಗೇನೂ ಕೊರತೆಯಿಲ್ಲ, ಸುದ್ದಿಗೇ ಬರ. ನಮ್ಮತ್ತೆ ಪ್ಯಾಕೆಟ್ ಕಂಡರೆ ಮೂಗು ಮುರಿಯುವುದು ಸುಮ್ಮನೆಯೇ?