‘ಬೋಳಿಸಿದವರೇ ಈಗ ವಿಗ್ ತರ್ತಿದ್ದಾರೆ’

(ಮಡಿಕೇರಿ ಹೊರವಲಯದ ಹೋಮ್‌ಸ್ಟೇ ಒಂದರ ಹಿಂದೆ ಗಟ್ಟಿಯಾಗಿ ನಿಂತಿರುವ ಬರೆಯೊಂದಿಗೆ, ಅಂದರೆ ಕಡಿದ ಗುಡ್ಡದ ಮೈಯೊಂದಿಗೆ, ಮಾತುಕತೆ. ‘ಗಟ್ಟಿಯಾಗಿ’ ಎಂದದ್ದು ಮಾಲೀಕರು; ಬರೆ ಇದನ್ನು ಖಚಿತಪಡಿಸಲಿಲ್ಲ.)

ಪ್ರಶ್ನೆ: ಮಾಲೀಕರು ನಿಮಗೆ ಹೊದಿಸಲು ಗಿಡ ಹುಡುಕುತ್ತಿದ್ದಾರಂತೆ. ನೀರು ಕೇಳಬಾರದು, ಗೊಬ್ಬರ ಕೇಳಬಾರದು, ಕತ್ತರಿ ಕೇಳಬಾರದು, ವರ್ಷವಿಡೀ ಹೂ ಬಿಡಬೇಕು.

ಬರೆ: ಅಂಥದ್ದು ಪ್ಲಾಸ್ಟಿಕ್ಕಿನಲ್ಲಿ ಸಿಗ್ತದೆ ಮಾರಾಯ್ರೇ. ನಾನು ಹುಟ್ಟಾ ಹೀಗೆ ನೆಟ್ಟಗೆ ನಿಂತವನಲ್ಲ. ನಿಧಾನಕ್ಕೆ ಇಳಿದು ತೋಡಿನ ತನಕ ಹೋಗ್ತಿದ್ದೆ. ಕಾರಿಗೆ ಜಾಗ ಬೇಕೆಂದು ಜೆಸಿಬಿ ತಂದು ಕಾಲು ಕಡಿದರು. ಮೇಲ್ಮಣ್ಣು, ಹುಲ್ಲು ಎಲ್ಲ ಟಿಪ್ಪರ್ ಹತ್ತಿತು. ಬೋಳಿಸಿದವರೇ ಈಗ ವಿಗ್ ತರ್ತಿದ್ದಾರೆ.

ಪ್ರಶ್ನೆ: ಮೊದಲು ತಂದದ್ದು?

ಬರೆ: ಲಾನ್. ಪಡುವಣ ಬಿಸಿಲು ನೇರ ನನ್ನ ಎದೆಗೆ. ಹಾಕಿದ ನೀರು ಬೇರಿಗಿಳಿಯುವ ಮೊದಲೇ ಪಾರ್ಕಿಂಗಿಗೆ ಇಳೀತದೆ. ಮಾರ್ಚಿಗೆ ಹುಲ್ಲೆಲ್ಲ ಒಣಗಿತು. ಹುಲ್ಲು ಕತ್ತರಿಸುವ ಯಂತ್ರ ತಳ್ಳಿಕೊಂಡು ನನ್ನ ಮೇಲೆ ಹತ್ತಿದ ಹುಡುಗ ಸಂಬಳ ಕೇಳದೆ ಊರಿಗೆ ಹೋದ.

ಪ್ರಶ್ನೆ: ಆಮೇಲೆ ಹಳದಿ ಹೂವಿನ ಬಳ್ಳಿ?

ಬರೆ: ವೆಡೇಲಿಯಾ. ನರ್ಸರಿಯವರು ‘ನೆಟ್ಟು ಮರೆತುಬಿಡಿ’ ಎಂದರಂತೆ. ನಾವು ಮರೆತರೂ ಅದು ನಮ್ಮನ್ನು ಮರೆಯೋದಿಲ್ಲ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದಕ್ಕೂ ಸ್ಥಾನ ಇದೆ. ಲಂಟಾನವೂ ಅಲ್ಲೇ ಇದೆ, ಅದೂ ಅಲಂಕಾರಕ್ಕೆಂದು ಬಂದ ಅತಿಥಿಯೇ. ಎಷ್ಟು ದಿನ ಉಳಿಯಿತೆಂದು ಬಂಡೀಪುರದ ಆನೆಗಳನ್ನು ಕೇಳಿ.

ಪ್ರಶ್ನೆ: ನಿಮ್ಮ ಆಯ್ಕೆ?

ಬರೆ: ಅಬ್ಬ, ಕೇಳಿದಿರಲ್ಲ! ಹೂ ನೋಡಬೇಡಿ, ಬೇರು ನೋಡಿ. ಲಾವಂಚ. ಬೇರು ಮೂರು ಮೀಟರಿನಷ್ಟು ನೇರ ಕೆಳಗಿಳೀತದೆ. ಬಿಸಿಲೆಂದರೆ ಪ್ರಾಣ, ನೆರಳು ಬಿದ್ದರೆ ಸೊರಗ್ತದೆ. ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಬದುವಿಗೆ ಹಾಕಿಕೊಂಡು ಬಂದದ್ದು. 1980ರ ದಶಕದಲ್ಲಿ ವಿಶ್ವಬ್ಯಾಂಕಿನವರು ಅದನ್ನೇ ದೇಶದೇಶಕ್ಕೆ ಬೋಧಿಸಿದರು. ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಸಾಲು. ಬುಡಗಳ ನಡುವೆ ಗೇಣಿಗಿಂತ ಕಡಿಮೆ ಅಂತರ. ಸಾಲುಗಳ ಮಧ್ಯೆ ಗರಿಕೆ. ಗಣಪತಿಗೂ ಆಯ್ತು, ನನಗೂ ಆಯ್ತು.

ಪ್ರಶ್ನೆ: ಆರೈಕೆ ಬೇಡವಷ್ಟೆ?

ಬರೆ: ಮೊದಲೆರಡು ವರ್ಷ ಬೇಕು. ಮೇ ತಿಂಗಳ ಮಳೆಗೇ ನೆಡಬೇಕು, ಜುಲೈ ಬರುವಷ್ಟರಲ್ಲಿ ಬೇರು ಹಿಡಿದಿರಬೇಕು. ಜೆಸಿಬಿ ಉಳಿಸಿದ್ದು ಬರೀ ಕೆಂಪು ಒಳಮಣ್ಣು, ಹಾಗಾಗಿ ಗುಂಡಿಗೆ ಗೊಬ್ಬರ ಬೇಕು. ಗಿಡ ಏಳುವ ತನಕ ತೆಂಗಿನ ನಾರಿನ ಬಲೆ ಹಾಸಿದರೆ ಒಳ್ಳೇದು. ಸತ್ತ ಬುಡದ ಜಾಗಕ್ಕೆ ಇನ್ನೊಂದು ನೆಡದಿದ್ದರೆ ನೀರು ಆ ಸಂದಿಯಲ್ಲೇ ದಾರಿ ಮಾಡ್ತದೆ.

ಪ್ರಶ್ನೆ: ಲಾವಂಚದ ಬೇರು ಕಿತ್ತು ಅತಿಥಿಗಳಿಗೆ ಶರಬತ್ತು ಮಾಡಬಹುದೇ ಎಂದು ಮಾಲೀಕರು ವಿಚಾರಿಸಿದ್ದಾರೆ.

ಬರೆ: (ಎರಡು ಕಲ್ಲು ಉದುರಿಸಿ) ಮಾಡ್ಲಿ. ಶರಬತ್ತಿನ ಜೊತೆ ನಾನೂ ಊಟದ ಮನೆಗೆ ಬರ್ತೇನೆ.

ಪ್ರಶ್ನೆ: ಲಾವಂಚ ಹಾಕಿದರೆ ಕುಸಿಯುವುದಿಲ್ಲವೆಂದು ಬರೆದುಕೊಳ್ಳಲೇ?

ಬರೆ: ಬೇಡ. 2018ರ ಆಗಸ್ಟಿನ ಮಳೆಗೆ ಕೊಡಗಿನಲ್ಲಿ ಮರ ತುಂಬಿದ್ದ ಗುಡ್ಡಗಳೂ ಜಾರಿದವು. ಹುಲ್ಲು ಮೇಲಿನ ಮಣ್ಣನ್ನು ಹಿಡಿದೀತು, ಕಡಿದ ಕಾಲನ್ನು ಜೋಡಿಸಲಾರದು. ಮೊದಲು ನನ್ನ ನೆತ್ತಿಯಲ್ಲಿ ಚರಂಡಿ ತೆಗೆದು ಮಳೆನೀರನ್ನು ಪಕ್ಕಕ್ಕೆ ತಿರುಗಿಸಲಿ. ಆಮೇಲೆ ನನ್ನನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಸರಿಸಲಿ, ಬುಡಕ್ಕೊಂದು ಕಲ್ಲಿನ ಗೋಡೆ ಕಟ್ಟಲಿ. ಪಾರ್ಕಿಂಗಿನಲ್ಲಿ ಎರಡು ಕಾರಿನ ಜಾಗ ಹೋದೀತು, ಅಷ್ಟೆ.

ಪ್ರಶ್ನೆ: ಮಾಲೀಕರು ಒಪ್ಪಿದರೇ?

ಬರೆ: ನೀಲಿ ಟಾರ್ಪಾಲು ತರಲು ಕುಶಾಲನಗರಕ್ಕೆ ಹೋಗಿದ್ದಾರೆ.